ಎದೆಯ ಮೇಲಿನ ನೆರಿಗೆ

ನನ್ನ ಕೈ ಜೀನ್ಸಿನ ಕೈ. ಬಳ್ಳಾರಿಯ ನಮ್ಮ ಓಣಿಗೆ ಬೆಳಿಗ್ಗೆ ಕತ್ತರಿಸಿದ ಜೀನ್ಸ್ ತುಂಡುಗಳ ಬಂಡಲ್ ಬರುತ್ತದೆ, ಸಂಜೆಗೆ ಹೊಲಿದದ್ದು ಹೋಗುತ್ತದೆ. ನನ್ನ ಪಾಲಿನ ಕೆಲಸ ಕಾಲಿನ ಪಕ್ಕದ ಹೊಲಿಗೆ. ದಪ್ಪ ಬಟ್ಟೆ, ದಪ್ಪ ದಾರ, ಸೊಂಟದಿಂದ ಪಾದದವರೆಗೆ ಒಂದೇ ಗೆರೆ. ಬಟ್ಟೆ ಎಲ್ಲಾದರೂ ಸುಕ್ಕು ಹಿಡಿದರೆ ಆ ಪೀಸು ವಾಪಸ್ಸು ಬರುತ್ತದೆ. ಹೀಗಾಗಿ ಸುಕ್ಕು ಕಂಡಲ್ಲಿ ನನ್ನ ಬೆರಳು ತಾನಾಗಿಯೇ ಹೋಗಿ ಅದನ್ನು ಎಳೆದು ನೆಟ್ಟಗೆ ಮಾಡುತ್ತದೆ. ಹಾಸಿಗೆಯ ಮೇಲಾದರೂ ಅಷ್ಟೆ, ಬಸ್ಸಿನಲ್ಲಿ ಪಕ್ಕ ಕೂತವರ ಸೆರಗಾದರೂ ಅಷ್ಟೆ.

ದೊಡ್ಡವ್ವನ ಕೈ ಬೇರೆ. ಅವಳು ನಮ್ಮ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನಗೂ ತಂಗಿಗೂ ತವರು ಅಂದರೆ ಕುರುಗೋಡಿನ ಅವಳ ಮನೆಯೇ. ಗುಡ್ಡದ ಬಂಡೆಗಳು ಕಾಣುವ ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಮಷೀನು ಹಾಕಿಕೊಂಡು ಅವಳು ಹೊಲಿಯುವುದು ಸುಕ್ಕನ್ನೇ. ಹುಡುಗಿಯರ ಫ್ರಾಕಿಗೆ, ದಿಂಬಿನ ಚೀಲಕ್ಕೆ, ಟಿವಿ ಮುಚ್ಚುವ ಬಟ್ಟೆಗೆ, ದೇವರ ಜಗುಲಿಯ ಪರದೆಗೆ. ಗಿರಾಕಿಗಳು ಅದನ್ನು ಫ್ರಿಲ್ ಅನ್ನುತ್ತಾರೆ, ತೆಲುಗು ಮನೆಮಾತಿನವರು ಕುಚ್ಚು ಅನ್ನುತ್ತಾರೆ, ದೊಡ್ಡವ್ವ ನೆರಿಗಿ ಅನ್ನುತ್ತಾಳೆ. ಅವಳ ಅಡುಗೆಮನೆಯಲ್ಲಿ ಮಿಕ್ಸಿಗೂ ಒಂದು ನೆರಿಗೆಯ ಲಂಗ ಇದೆ. ಅದನ್ನು ನೋಡಿದಾಗಲೆಲ್ಲ ನಾನು ನಗುತ್ತಿದ್ದೆ. ಅಂಚು ಮಡಚಿ ಒಂದು ಹೊಲಿಗೆ ಹೊಡೆದರೆ ಮುಗಿಯುವ ಕಡೆ ಇಷ್ಟು ಬಟ್ಟೆ ಯಾಕೆ ಎಂದು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂಬುದನ್ನು ಕಂಡಷ್ಟೇ, ಕಂಡ ಕ್ರಮದಲ್ಲೇ ಹೇಳಬೇಕು. ಒಂದು ಮಾತು ಹೆಚ್ಚಾದರೂ ಅದು ನಾನು ಕಂಡದ್ದಾಗಿ ಉಳಿಯುವುದಿಲ್ಲ.

ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಹುಟ್ಟುವ ಮುಂಚೆ ಕೂಸಿಗೆ ಏನನ್ನೂ ಹೊಲಿಯಬಾರದು ಎನ್ನುವುದು ನಮ್ಮ ಮನೆಯ ರೂಢಿ. ಮೊದಲ ಬಸಿರಿನಲ್ಲಿ ತಂಗಿ ಆಸೆ ತಡೆಯಲಾರದೆ, ಸೀಮಂತದ ಕುಬಸ ಮುಗಿದ ಕೂಡಲೇ, ಬಳ್ಳಾರಿಯ ಒಂದು ಅಂಗಡಿಯಲ್ಲಿ ಸಾಲುಸಾಲು ಫ್ರಿಲ್ ಹಚ್ಚಿದ ತೊಟ್ಟಿಲ ಬಟ್ಟೆ ಹೊಲಿಸಿಟ್ಟಳು. ಆ ಕೂಸು ಉಳಿಯಲಿಲ್ಲ. ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ದೊಡ್ಡವ್ವನೂ ಹೇಳಿದಳು. ತಂಗಿ ಹೌದೆಂದು ತಲೆಯಾಡಿಸಿದಳು. ಆದರೆ ಎರಡನೆಯ ಸಲ ಬಸಿರಾದಾಗ ತನ್ನ ರವಿಕೆಯ ಹರಿದ ತೋಳನ್ನು ಕೂಡ ಹೊಲಿದುಕೊಳ್ಳಲಿಲ್ಲ.

ಈ ಕೂಸು ಹೆಣ್ಣು. ತಿಂಗಳು ತುಂಬುವ ಮುಂಚೆಯೇ ಹುಟ್ಟಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎಷ್ಟೋ ದಿನ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಪಕ್ಕದಲ್ಲಿ ಟಿವಿಯಂಥ ಒಂದು ಮಾನಿಟರು. ಕೂಸು ಉಸಿರಾಡಿದಾಗಲೆಲ್ಲ ಅದರ ಮೇಲೆ ಒಂದು ಹಸಿರು ಗೆರೆ ಏರಿ ಇಳಿಯುತ್ತಿತ್ತು. ಒಳಗೆ ಬಿಟ್ಟಾಗ ತಂಗಿ ಕೂಸಿಗಿಂತ ಹೆಚ್ಚು ಆ ಗೆರೆಯನ್ನೇ ನೋಡುತ್ತಿದ್ದಳು. ಕಡೆಗೆ ಡಾಕ್ಟರು, ಉಸಿರಾಟ ಸರಿಯಾಗಿದೆ, ತೂಕ ಬರುತ್ತಿದೆ, ಮನೆಗೆ ಕರೆದುಕೊಂಡು ಹೋಗಿ, ತಾಯಿಹಾಲು ಕೊಡಿ ಎಂದರು. ಕೂಸು ಸಿರುಗುಪ್ಪಕ್ಕೆ ಬಂತು. ಹಸಿರು ಗೆರೆ ಆಸ್ಪತ್ರೆಯಲ್ಲೇ ಉಳಿಯಿತು.

ನೋಡಲು ಹೋದಾಗ ತಂಗಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಚಾಪೆಯ ಮೇಲೆ, ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಕೂಸು ಅಂಗಾತ ಮಲಗಿತ್ತು. ತಂಗಿಯ ಬಲ ಅಂಗೈ ಕೂಸಿನ ಎದೆಯ ಮೇಲಿತ್ತು. ನಾನು ಚಹಾ ಕುಡಿದೆ, ಕೈ ಅಲ್ಲೇ ಇತ್ತು. ಅವಳ ಅತ್ತೆ ತಟ್ಟೆ ತಂದು, ಅನ್ನ ಕಲಸಿ, ತುತ್ತು ಮಾಡಿ ಸೊಸೆಯ ಬಾಯಿಗೇ ಇಟ್ಟರು.

"ದಿನಾ ಹಿಂಗ ಐತಿ ನೋಡವ್ವ," ಎಂದರು ಅತ್ತೆ ನನ್ನ ಕಡೆ ತಿರುಗಿ. "ಎರಡು ತುತ್ತು ತಿಂತಾಳ, ಮೂರನೇದಕ್ಕ ಬಾಯಿ ಮುಚ್ಚತಾಳ. ಮಕ್ಕೊಂಡಿದ್ದ ನಾ ನೋಡಿಲ್ಲ. ಹಾಲು ಕಮ್ಮಿ ಆಗಾಕತ್ತೈತಿ. ಕೂಸು ಚಂದ ಐತಿ, ತಾಯೀನ ನೋಡ್ಕೊಳ್ರಿ ಅಂತ ಇಲ್ಲಿ ಡಾಕ್ಟರಮ್ಮ ಬೈದು ಕಳಿಸ್ಯಾಳ."

"ಒಂದೀಟು ಕೈ ತಗೀ," ಎಂದೆ ತಂಗಿಗೆ.

"ತಗದ್ರ ಗೊತ್ತಾಗಂಗಿಲ್ಲಕ್ಕ."

"ಏನು ಗೊತ್ತಾಗಂಗಿಲ್ಲ?"

"ಐತೋ ಇಲ್ಲೋ ಅಂತ."

ಅವಳು ಉಸಿರು ಎಂಬ ಮಾತನ್ನು ಕೂಡ ಹೇಳಲಿಲ್ಲ. ಕೂಸಿನ ಮೈಮೇಲೆ ಹೊಲಿದ ಬಟ್ಟೆ ಒಂದೂ ಇಲ್ಲವಲ್ಲ ಎಂದು ಕೇಳಿದ್ದಕ್ಕೆ, "ಸೂಜಿ ಬ್ಯಾಡ," ಎಂದಷ್ಟೇ ಅಂದಳು.

ಬಳ್ಳಾರಿಗೆ ವಾಪಸ್ಸು ಬಂದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಚಂದದೊಂದು ಅಂಗಿ ಕಂಡರೆ ಅವಳ ಮನಸ್ಸು ತಿರುಗೀತು ಎಂದುಕೊಂಡೆ. ಮಷೀನಿಗೆ ಸಣ್ಣ ಸೂಜಿ ಹಾಕಿ, ಹತ್ತಿ ಬಟ್ಟೆಯಲ್ಲಿ ಅಂಗೈಯಗಲದ ಅಂಗಿ ಹೊಲಿದು, ಎದೆಗೆ ಅಡ್ಡವಾಗಿ ಒಂದು ಫ್ರಿಲ್ ಹಚ್ಚಿದೆ. ಅದನ್ನು ದೊಡ್ಡವ್ವನಿಗೆ ತೋರಿಸಿ, ಅಲ್ಲಿಂದ ಸಿರುಗುಪ್ಪಕ್ಕೆ ಹೋಗುವುದೆಂದು ಕುರುಗೋಡಿನ ಬಸ್ಸು ಹತ್ತಿದೆ.

ದೊಡ್ಡವ್ವ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಏನ್ಲೇ ಇದು? ಕೂಸಿನ ಅಂಗಿನೋ, ಪ್ಯಾಂಟಿನ ಕಿಸೇನೋ?"

"ಯಾಕ, ಫ್ರಿಲ್ ಹಚ್ಚಿಲ್ಲೇನು? ಎದ್ದೇಳಬಾರ್ದಂತ ಇಸ್ತ್ರಿ ಒತ್ತಿ, ಮ್ಯಾಲೆ ಎರಡು ಹೊಲಿಗಿ ಹೊಡದೀನಿ."

"ಏಳಲಿ ಅಂತ ಅಲ್ಲೇನ ನೆರಿಗಿ ಹಾಕೋದು! ಕುತ್ತಿಗಿ ಮ್ಯಾಲ ಕಾಲಿಟ್ಟು ಕುಂದ್ರಿಸಿಬಿಟ್ಟಿಯಲ್ಲೇ ಅದನ್ನ. ಇದನ್ನ ಹಾಕ್ಕೊಂಡು ಕೂಸು ಗಣಿ ಕೆಲಸಕ್ಕ ಹೋಗಬೇಕೇನು?"

ನಗುತ್ತ ನಗುತ್ತ ಅವಳಿಗೆ ಕೆಮ್ಮು ಬಂತು. ನೀರು ಕುಡಿದು, ಒಳಗಿನಿಂದ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತಂದಳು. ಒಗೆದು ಒಗೆದು ಅದು ಎಷ್ಟು ತೆಳುವಾಗಿತ್ತೆಂದರೆ ಕೆಳಗಿದ್ದ ಅವಳ ಬೆರಳುಗಳು ಕಾಣುತ್ತಿದ್ದವು. ಅದರಲ್ಲಿ ಒಂದು ಅಂಗಿ ಕತ್ತರಿಸಿ ಹೊಲಿದಳು. ಆಮೇಲೆ ಒಂದು ಪಟ್ಟಿ ಕತ್ತರಿಸಿದಳು, ಅಂಗಿಯ ಎದೆಯಗಲಕ್ಕಿಂತ ಬಹಳ ಉದ್ದ. ಪಟ್ಟಿಯ ಕೆಳಗಿನ ಅಂಚನ್ನು ಕೈಯಿಂದಲೇ ಕೂದಲೆಳೆಯಷ್ಟು ಮಡಚಿ ಹೊಲಿದಳು. ಮೇಲಂಚಿಗೆ ಮಷೀನಿನಲ್ಲಿ ಉದ್ದುದ್ದ ಸಡಿಲ ಹೊಲಿಗೆಯನ್ನು ಎರಡು ಸಾಲು ಹಾಕಿದಳು. ದಾರದ ತುದಿಗಳನ್ನು ಕತ್ತರಿಸದೆ ಹಾಗೇ ಬಿಟ್ಟಳು. ಬಿಟ್ಟವಳು ಕತ್ತರಿ ಕೆಳಗಿಟ್ಟು ಪಟ್ಟಿಯನ್ನು ನನ್ನ ಮಡಿಲಿಗೆ ಹಾಕಿದಳು.

"ದಾರ ಎಳಿಯೋದಿಲ್ಲೇನು? ಇನ್ನಾ ನೆರಿಗಿ ಆಗಿಲ್ಲ."

"ನಾನ್ಯಾಕ ಎಳೀಲಿ? ಮೊದಲನೇ ಅಂಗಿ ನೆರಿಗಿ ಹಡದಾಕಿ ಎಳೀಬೇಕು. ನಿಂದು ನಿಮ್ಮವ್ವ ಎಳದಿದ್ಲು, ಇದ ಕಿಟಕ್ಯಾಗ ಕುಂತು."

"ಆಕಿ ಸೂಜಿ ಮುಟ್ಟಂಗಿಲ್ಲ ದೊಡ್ಡವ್ವ."

"ಸೂಜಿ ಮುಟ್ಟು ಅಂತ ಯಾರು ಅಂದ್ರು? ದಾರ ಎಳಿ ಅನ್ನು."

"ಎರಡು ಸಾಲು ಯಾಕ?"

"ಒಂದು ಹರಿದ್ರ ಇನ್ನೊಂದು ಹಿಡೀತೈತಿ. ನಿಮ್ಮ ಜೀನ್ಸಿನಂಗ ಹಗ್ಗ ಅಲ್ಲಲೇ ಇದು, ದಾರ."

ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ. ಕರೆಂಟು ಹೋಗಿತ್ತು. ದೂರದ ಅಕ್ಕಿ ಗಿರಣಿಯ ಸದ್ದೂ ನಿಂತಿತ್ತು. ಸೆಕೆಗೆ ಕೂಸಿನ ಮೇಲೆ ಸುತ್ತಿದ್ದ ಬಟ್ಟೆಯನ್ನು ಸಡಿಲ ಮಾಡಿದ್ದರು. ತಂಗಿಯ ಅಂಗೈ ಅಲ್ಲೇ ಇತ್ತು. ಆ ಕೈಯ ಕೆಳಗೆ ಕೂಸಿನ ಚರ್ಮ ಬೆವತು ಕೆಂಪಗಾಗಿತ್ತು.

ಪಟ್ಟಿಯನ್ನು ಅವಳ ತೊಡೆಯ ಮೇಲಿಟ್ಟೆ.

"ಬ್ಯಾಡಕ್ಕ. ತಗೊಂಡು ಹೋಗು."

"ಇದು ಅಂಗಿ ಅಲ್ಲ, ಬರೇ ಪಟ್ಟಿ. ನೀ ಎಳದ್ರ ನೆರಿಗಿ, ಇಲ್ಲಾಂದ್ರ ಅರಿವಿ ತುಂಡು. ಅವ್ವ ನಂದು ಎಳದಿದ್ಲಂತ."

ಅವ್ವನ ಮಾತು ಬಂದದ್ದಕ್ಕೋ ಏನೋ, ಅವಳು ಎಡಗೈಯಿಂದ ದಾರದ ತುದಿ ಹಿಡಿದಳು. ಎಳೆದಳು. ಪಟ್ಟಿ ಇಡೀ ದಾರದ ಜೊತೆಗೇ ಬಂತು, ನೆರಿಗೆ ಬೀಳಲಿಲ್ಲ. ಇನ್ನೊಮ್ಮೆ ಎಳೆದಳು, ಹಾಗೇ ಬಂತು. ಒಂದು ಕೈ ಬಟ್ಟೆಯನ್ನು ಹಿಡಿದಿರದಿದ್ದರೆ ಇನ್ನೊಂದು ಕೈಗೆ ದಾರ ಎಳೆಯಲು ಬರುವುದಿಲ್ಲ. ಇದು ಹೊಲಿಗೆ ಬಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಆ ಹೊತ್ತಿನವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ತಂಗಿ ನನ್ನ ಮುಖ ನೋಡಿದಳು. "ಎರಡೂ ಕೈ ಬೇಕು," ಎಂದಳು.

"ನಾ ಇಟ್ಟಿರ್ತೀನಿ ನನ್ನ ಕೈ."

"ತಗೀಬಾರ್ದು ಮತ್ತ."

"ತಗಿಯಂಗಿಲ್ಲ."

ಅವಳು ಅಂಗೈಯನ್ನು ಬೆರಳು ಬೆರಳಾಗಿ ಎತ್ತಿದಳು. ಅವಳ ಕೈ ಬಿಟ್ಟಷ್ಟು ಜಾಗದಲ್ಲಿ ನನ್ನ ಕೈ ಇಟ್ಟೆ. ಇಟ್ಟೆ, ಆದರೆ ಏನೂ ಗೊತ್ತಾಗಲಿಲ್ಲ. ಜೀನ್ಸ್ ತಳ್ಳಿ ತಳ್ಳಿ ನನ್ನ ಅಂಗೈ ದಡ್ಡುಗಟ್ಟಿದೆ. ಕೂಸು ಬೆಚ್ಚಗಿತ್ತು, ಅಷ್ಟೇ. ನನ್ನ ಕಿವಿಯಲ್ಲಿ ನನ್ನದೇ ರಕ್ತದ ಸದ್ದು ಕೇಳಿಸತೊಡಗಿತು. ತಂಗಿ ಹಗಲೂ ರಾತ್ರಿ ಏನನ್ನು ಹೊತ್ತು ಕೂತಿದ್ದಳು ಎಂಬುದು ಆಗ ನನಗೆ ತಿಳಿಯಿತು. ಅಂಗೈ ಎತ್ತಿ ಮಣಿಕಟ್ಟಿನ ಒಳಗಿನ ಮೆತ್ತಗಿನ ಚರ್ಮವನ್ನು ಇಟ್ಟೆ. ಆಗ ಸಿಕ್ಕಿತು. ಒಳಗಿನಿಂದ ಯಾರೋ ಬೆರಳ ತುದಿಯಿಂದ ಮುಟ್ಟಿ ಬಿಟ್ಟಂತೆ, ಅಷ್ಟು ಸಣ್ಣದು.

ತಂಗಿ ಎರಡೂ ಕೈಯಿಂದ ಎಳೆಯುತ್ತಿದ್ದಳು. ಅರ್ಧ ನೆರಿಗೆ ಬಿದ್ದಿತ್ತು, ಪಟ್ಟಿ ಮೋಟಾಗುತ್ತಿತ್ತು. ಆಗ ಟಪ್ ಎಂದು ಒಂದು ದಾರ ಹರಿಯಿತು.

ಅವಳ ಮುಖದ ಬಣ್ಣ ಇಳಿದುಹೋಯಿತು. ಕಣ್ಣು ಕೂಸಿನ ಕಡೆ ಹೋಯಿತು, ಅಲ್ಲಿಂದ ನನ್ನ ಕೈಗೆ.

"ಐತಿ," ಎಂದೆ. "ಕೈಗೆ ಹತ್ತಾಕತ್ತೈತಿ. ನೆರಿಗಿ ನೋಡು ನೀನು."

ನೋಡಿದಳು. ಬಿದ್ದ ನೆರಿಗೆ ಬಿಚ್ಚಿರಲಿಲ್ಲ. ಎರಡನೆಯ ಸಾಲು ಎಲ್ಲವನ್ನೂ ಹಿಡಿದುಕೊಂಡಿತ್ತು. ಅವಳು ಮೂಗು ಒರೆಸಿಕೊಂಡು, ಉಳಿದ ದಾರವನ್ನು ನಿಧಾನವಾಗಿ, ಬಟ್ಟೆಯನ್ನು ಉಗುರಿನಿಂದ ಒಂದೊಂದಾಗಿ ಹಿಂದೆ ತಳ್ಳುತ್ತ, ಕೊನೆಯವರೆಗೆ ಎಳೆದಳು. ತುದಿಯನ್ನು ತಾನೇ ಗಂಟು ಹಾಕಿ ಪಟ್ಟಿಯನ್ನು ನನ್ನ ಕಡೆ ಚಾಚಿದಳು.

ಅತ್ತೆಯ ತುಳಿಯುವ ಮಷೀನಿನಲ್ಲಿ ಅದನ್ನು ದೊಡ್ಡವ್ವ ಹೊಲಿದ ಅಂಗಿಗೆ ಹಚ್ಚಿದೆ. ತಂಗಿಯ ಕೈ ಆಗಲೇ ತನ್ನ ಜಾಗಕ್ಕೆ ಮರಳಿತ್ತು. ಅತ್ತೆ ನನ್ನ ತಲೆಯ ಹತ್ತಿರವೇ ನಿಂತಿದ್ದರು. "ಒತ್ತಬ್ಯಾಡ ಮತ್ತ. ಆಕಿ ಕೈಯಾಗ ಇಸ್ತ್ರಿಪೆಟ್ಟಿಗಿ ಕೊಡಬ್ಯಾಡ್ರಿ ಅಂತ ನಿಮ್ಮ ದೊಡ್ಡವ್ವ ಫೋನ್ ಮಾಡಿ ಹೇಳ್ಯಾಳ."

ಅಂಗಿ ತೊಡಿಸಿದೆವು. ನೆರಿಗೆ ಎದೆಯ ಮೇಲೆ ಅಡ್ಡಕ್ಕೆ ಬಂತು. ಕೆಳಗಿನ ಅಂಚು ಎಲ್ಲಿಗೂ ಅಂಟದೆ ಬಿಡಿಯಾಗಿ ನಿಂತಿತ್ತು. ತಂಗಿ ಕೈ ಇಡಲು ಬಗ್ಗಿದಳು.

"ತಡಿ," ಎಂದೆ.

ನೆರಿಗೆಯ ಅಂಚು ಅಲುಗಿತು. ಮೊದಲು ನನಗೆ ನಂಬಿಕೆಯಾಗಲಿಲ್ಲ. ಮೇಲೆ ನೋಡಿದೆ, ಫ್ಯಾನು ನಿಂತಿತ್ತು. ನನ್ನದೇ ಉಸಿರು ತಾಗಿರಬಹುದೆಂದು ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡೆ. ಅಂಚು ಮತ್ತೆ ಎದ್ದಿತು. ಎಲ್ಲವೂ ಒಟ್ಟಿಗೆ ಅಲ್ಲ; ನಡುವಿನ ನೆರಿಗೆ ಮೊದಲು, ಅದರ ಬೆನ್ನಿಗೆ ಅಕ್ಕಪಕ್ಕದವು, ಕಡೆಗೆ ತುದಿಯವು. ಆಮೇಲೆ ಅದೇ ಕ್ರಮದಲ್ಲಿ ಇಳಿದವು. ಬರಿಯ ಎದೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಸಿರು ಆ ತೆಳು ಬಟ್ಟೆಯ ಅಂಚಿಗೆ ಬರುವ ಹೊತ್ತಿಗೆ ದೊಡ್ಡದಾಗುತ್ತಿತ್ತು. ಯಾರೂ ಹಾಗೆ ಆಗಲೆಂದು ಹೊಲಿದಿರಲಿಲ್ಲ. ದೊಡ್ಡವ್ವನಿಗೂ ಇದು ಗೊತ್ತಿರಲಿಲ್ಲ, ಆಮೇಲೆ ನಾನೇ ಕೇಳಿದ್ದೇನೆ.

ತಂಗಿ ಎದ್ದು ಒಂದು ಹೆಜ್ಜೆ ಹಿಂದೆ ಸರಿದಳು. ನೋಡಿದಳು. ಇನ್ನೊಂದು ಹೆಜ್ಜೆ. ಹಾಗೇ ಹಿಂದೆ ಹಿಂದೆ ಹೋಗಿ ಬಾಗಿಲಿನ ಚೌಕಟ್ಟಿಗೆ ಬೆನ್ನು ತಾಗಿದಾಗ ನಿಂತಳು.

"ಇಲ್ಲಿಗೂ ಕಾಣ್ತೈತಕ್ಕ," ಎಂದಳು. "ಆಸ್ಪತ್ರ್ಯಾಗ ಆ ಹಸರು ಗೀಟು ಇತ್ತಲ್ಲ, ಹಂಗ."

ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು. ನೆರಿಗೆ ದಿಕ್ಕಿಲ್ಲದೆ ಪಟಪಟ ಹಾರಾಡತೊಡಗಿತು. ತಂಗಿ, "ಅಯ್ಯೋ, ಬಂದ್ ಮಾಡ್ರೀ!" ಎಂದು ಕಿರುಚಿದಳು. ಅತ್ತೆ ಓಡಿಹೋಗಿ ಸ್ವಿಚ್ಚು ಆರಿಸಿ, ಕಿಟಕಿಯ ಬಾಗಿಲುಗಳನ್ನು ಪೂರ್ತಿ ತೆರೆದು, "ಆತು ತಗೋ, ಎಲ್ಲಾರೂ ಕೂಡಿ ಬೇಯೂಣು," ಎನ್ನುತ್ತ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಹೊರಗೆ ಗಾಳಿ ಇರಲಿಲ್ಲ. ನೆರಿಗೆ ತನ್ನ ಲಯಕ್ಕೆ ಮರಳಿತು.

"ಅತ್ತಿ, ಅನ್ನ ಐತೇನ್ರಿ?" ಎಂದು ತಂಗಿ ಕೇಳಿದಳು.

ತಟ್ಟೆಯನ್ನು ಬಾಗಿಲ ಬಳಿಯೇ ತರಿಸಿಕೊಂಡಳು. ತನ್ನ ಕೈಯಿಂದಲೇ ಕಲಸಿ ಉಂಡಳು. ಕಣ್ಣು ಮಾತ್ರ ಕೂಸಿನ ಎದೆಯ ಮೇಲೇ ಇದ್ದದ್ದರಿಂದ ಒಂದೆರಡು ತುತ್ತು ಮಡಿಲಿಗೆ ಬಿದ್ದವು. ಎರಡನೆಯ ಸಲ ಹಾಕಿಸಿಕೊಂಡಳು. ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು. ಉಂಡು ಮುಗಿಸಿದವಳು ಕೈ ತೊಳೆಯಲು ಏಳಬೇಕು, ಏಳಲಿಲ್ಲ. ಚೌಕಟ್ಟಿಗೆ ತಲೆ ಒರಗಿಸಿದಳು. ರೆಪ್ಪೆ ಮುಚ್ಚುವುದು, ತೆರೆಯುವುದು, ನೋಡುವುದು. ಕಡೆಗೆ ತೆರೆಯಲಿಲ್ಲ.

ನಾನು ಅಲ್ಲೇ ಕೂತೆ. ಒಂದು ಕಡೆ ತಂಗಿಯ ಬಾಯಿ ಸ್ವಲ್ಪ ತೆರೆದಿತ್ತು, ಇನ್ನೊಂದು ಕಡೆ ಆ ಅಂಚು ಏಳುತ್ತಿತ್ತು, ಇಳಿಯುತ್ತಿತ್ತು. ಸುಕ್ಕು ಕಂಡರೆ ಎಳೆಯುವ ನನ್ನ ಬೆರಳುಗಳನ್ನು ಮಡಿಲಲ್ಲಿ ಒಂದರೊಳಗೊಂದು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಬಿಸಿಲು ಬಾಗಿಲಿನಿಂದ ಒಳಗೆ ಸರಿದು ಬಂದಾಗ ಅವಳಿಗೆ ಎಚ್ಚರವಾಯಿತು. ಬೆಚ್ಚಿಬಿದ್ದು ಏಳುತ್ತಾಳೆ, ಕೂಸಿನ ಕಡೆ ಓಡುತ್ತಾಳೆ ಎಂದು ನಾನು ಸರಿದು ದಾರಿ ಬಿಟ್ಟೆ. ಅವಳು ಕೂತಲ್ಲಿಂದಲೇ ನೆರಿಗೆಯನ್ನು ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಅನ್ನದ ಅಗಳು ಒಣಗಿ ಬೆರಳಿಗೆ ಅಂಟಿಕೊಂಡಿತ್ತು. ಎದ್ದು, ಕೈ ತೊಳೆಯಲು ಬಚ್ಚಲಿಗೆ ಹೋದಳು.