ಮುಚಾನೆಟಾ ಹೌದೆಂದ ಹಕ್ಕಿ

“ಬಾಲ ನೋಡು, ಬಾಲ ನೋಡು ಅಂತೀರಿ ಎಲ್ಲರೂ. ಮೋಟುಬಾಲದ ಹಕ್ಕಿಗೇನು ಬರವಾ? ಬಾಲ ಬಿಡಿ, ಹಾರೋದನ್ನ ನೋಡಿ. ತುಂಬಿದ ಕೊಡ ತಲೆ ಮೇಲಿಟ್ಕೊಂಡು ಕಲ್ಲುದಾರೀಲಿ ಕೈಬಿಟ್ಟು ಬರ್ತೀವಲ್ಲ, ಆಗ ಮೈ ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ವಾಲಲ್ವಾ? ಚಾಪುಂಗು ಹದ್ದು ಹಾರೋದು ಹಾಗೆ. ರೆಕ್ಕೆ ಬಡಿಯೋದೇ ಕಮ್ಮಿ. ಬೇಲಿಗೂಟದ ಮೇಲೆ ಕೂತು ಇಲಿ ಕಾಯೋ ಜಾತಿ ಅಲ್ಲ ಅದು. ಸಾವೇ ಅನ್ನೋ ಹೊಳೆ ಹತ್ರ ನಮ್ಮಪ್ಪ ಆಡು ಮೇಯಿಸೋಕೆ ಕಳಿಸ್ತಿದ್ದಾಗ ಕತ್ತು ನೋಯೋ ಹಾಗೆ ನೋಡಿದೀನಿ. ನೀವು ತೋರಿಸ್ತಿರೋದು ಗೂಟದ ಮೇಲೆ ಕೂತು ಬೆನ್ನು ಕೆರ್ಕೊತಿದೆ. ಅದು ಬರೀ ಗಿಡುಗ. ನನ್ನ ಬಿಡಿ, ಕಡಲೆಕಾಯಿ ಬಿಡಿಸೋದು ರಾಶಿ ಬಿದ್ದಿದೆ.”

ಇಷ್ಟು ಮಾತನ್ನು ಮುಚಾನೆಟಾ ತಲೆಯೆತ್ತದೆಯೇ ಹೇಳಿದಳು. ಕಿತ್ತ ಗಿಡಗಳ ಗುಡ್ಡೆಯ ಮುಂದೆ ಕಾಲು ನೀಡಿ ಕೂತಿದ್ದಳು. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತವಳು ಅವಳ ಸತ್ತ ಗಂಡನ ಅಕ್ಕ ರೆವಾಯಿ. ಮನೆಮಗಳಾದ್ದರಿಂದ ಸೊಸೆಯರಿಗೂ ಮಕ್ಕಳಿಗೂ ಅವಳು ವತೇತೆ, ಅಂದರೆ ಸೋದರತ್ತೆ; ಆ ಅಂಗಳದಲ್ಲಿ ಅವಳ ಮಾತೇ ಕೊನೆಯ ಮಾತು.

“ಹಕ್ಕಿ ಮೇಲೆ ಯಾಕೆ ಹಾಕ್ತೀಯ? ಮೈ ಬಗ್ಗಲ್ಲ ಅಂತ ಹೇಳು,” ಎಂದಳು ವತೇತೆ. “ಚಿಹೇರಾ ಕುಲದ ಹೆಂಗಸರೇ ಹೀಗೆ. ಗಂಡನ ಮನೆ ಹಿರಿಯರನ್ನೂ ಬಾಯಲ್ಲೇ ಅಟ್ಟಿಬಿಡ್ತೀರಿ.”

ಚಾಪುಂಗು ಹೊಲದ ಮೇಲೆ ಸುತ್ತಿತೆಂದರೆ ಸತ್ತ ಹಿರಿಯರು ಏನೋ ಕೇಳಿಕೊಂಡು ಬಂದರೆಂದು ಅರ್ಥ. ಈಗೀಗ ಗುಟು ಸೀಮೆಯಲ್ಲಿ ಆ ಹಕ್ಕಿಯನ್ನು ಕಂಡವರೇ ಅಪರೂಪ. ಬಂದದ್ದು ಅದೇ ಆದರೆ ರಾಗಿ ಹೆಂಡ ಇಳಿಸಿ ಹಿರಿಯರಿಗೆ ಎಡೆಯಿಡಬೇಕು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಕುದಿಸಿ, ಆರಿಸಿ, ಮತ್ತೆ ಕುದಿಸಬೇಕು. ಆ ಹೆಂಡಕ್ಕೆ ಮುಟ್ಟು ನಿಂತ ಹೆಂಗಸಿನ ಕೈಯೇ ಆಗಬೇಕು. ಆ ಮನೆಯಲ್ಲಿ ಮೊದಲು ಇಬ್ಬರು ವಾರಗಿತ್ತಿಯರು ಕೂಡಿ ಮಾಡುತ್ತಿದ್ದರು. ಹಿರಿಯವಳು ಮಣ್ಣು ಸೇರಿದಳು. ಉಳಿದವಳು ಮುಚಾನೆಟಾ. ವತೇತೆಗೂ ವಯಸ್ಸಾಗಿತ್ತು, ಆದರೆ ಅವಳು ಹೇಳುವವಳು, ಮಾಡುವವಳಲ್ಲ.

ಹೋದ ವರ್ಷ ಗಂಡನ ಆತ್ಮವನ್ನು ಮನೆಗೆ ಕರೆತರುವ ಕಾರ್ಯಕ್ಕೆ ಮುಚಾನೆಟಾ ಒಬ್ಬಳೇ ಡ್ರಮ್ಮುಗಟ್ಟಲೆ ಹೆಂಡ ಇಳಿಸಿದಳು. ಜನ ಕುಡಿದು ಹೊಗಳಿದರು, ಕುಣಿದರು, ಹೋದರು. ಅವಳು ಚಾಪೆ ಹಿಡಿದಳು. ಅಂದಿನಿಂದ ಬೆನ್ನು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಬೆಳಿಗ್ಗೆ ಏಳಬೇಕಾದರೆ ಮೊದಲು ಮಗ್ಗುಲಾಗಬೇಕು, ಆಮೇಲೆ ಗೋಡೆ ಹಿಡಿಯಬೇಕು, ಆಮೇಲೆ ದೇವರೇ ಎಬ್ಬಿಸಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೊಸೆಯಾಗಿ ಬಂದ ಮನೆಯಲ್ಲಿ ಆಗುವುದಿಲ್ಲ ಎಂಬ ಮಾತನ್ನು ಆಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

ಮೈದುನ ತಫಿರೇಯಿ ಗಾಡಿಯ ಮೂಕಿಯ ಮೇಲೆ ಕೂತು ನಗುತ್ತಿದ್ದ. “ಅತ್ತಿಗೆ, ನಿನ್ನ ಕೈ ಹೆಂಡದ ರುಚಿ ಹತ್ತಿ ಅಣ್ಣ ತಿರುಗಿ ಬಂದಿದಾನೆ ಕಣೇ.”

“ಬದುಕಿದ್ದಾಗ ಕರೆದ್ರೂ ಚಾಪೆ ಬಿಟ್ಟು ಏಳ್ತಿರಲಿಲ್ಲ ನಿಮ್ಮಣ್ಣ. ಸತ್ತ ಮೇಲೆ ಹಾರ್ಕೊಂಡು ಬರ್ತಾನಾ?”

ಆ ಮಾತು ಮುಗಿದಿರಲಿಲ್ಲ, ಗೂಟದ ಮೇಲಿದ್ದ ಹಿರಿಯರು ಎದ್ದರು. ರೆಕ್ಕೆ ಪಟಪಟ ಬಡಿದು ಗಾಳಿಯಲ್ಲಿ ನಿಂತಲ್ಲೇ ನಿಂತರು. ಇಟ್ಟಿಗೆ ಬಣ್ಣದ ಬಾಲ ಬಿಸಿಲಿಗೆ ಬಿಚ್ಚಿಕೊಂಡಿತು. ಮರುಗಳಿಗೆ ಕಲ್ಲು ಬಿದ್ದ ಹಾಗೆ ಕೆಳಗೆ ಬಂದು, ವತೇತೆಯ ಕಾಲ ಬುಡದಲ್ಲಿದ್ದ ಅವಳದೇ ಕೋಳಿಯ ಮರಿಯೊಂದನ್ನು ಎತ್ತಿಕೊಂಡು ಹೋದರು.

“ಅಯ್ಯೋ ಕಳ್ಳ! ನಿನ್ನ ಕೊಕ್ಕು ಸೀಳ!” ವತೇತೆ ಕೈಗೆ ಸಿಕ್ಕ ಬುಟ್ಟಿ ಎಸೆದಳು.

“ಅಣ್ಣಂಗೆ ಬೈಬಾರದು ಅಕ್ಕ,” ಎಂದ ತಫಿರೇಯಿ, ಮೂಕಿಯಿಂದ ಉರುಳುವಷ್ಟು ನಗುತ್ತ.

ಸಂಜೆ ವತೇತೆ ಬೆಂಕಿಯ ಮುಂದೆ ಕೂತಾಗ ಒಂದೇ ಮಾತು ಅಂದಳು: “ಆಯ್ತು. ಇನ್ನು ಮೇಲೆ ನೀನು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ.”

ಮುಚಾನೆಟಾಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಕಡಲೆಕಾಯಿ ಮುಗಿದು ಜೋಳದ ತೆನೆ ಬಿಡಿಸುವ ಕೆಲಸ ಹಿಡಿದಿದ್ದರು. ಒಂದು ಮಧ್ಯಾಹ್ನ ಮುಚಾನೆಟಾ, ವತೇತೆ ಇಬ್ಬರೇ ಹೊಲದಲ್ಲಿದ್ದರು. ಬೆನ್ನು ನೆಟ್ಟಗೆ ಮಾಡಲೆಂದು ಮುಚಾನೆಟಾ ನಿಂತಳು, ನಿಂತವಳು ಮೇಲೆ ನೋಡಿದಳು. ಒಂದು ಕಂದು ಹಕ್ಕಿ. ಕಪ್ಪಿಲ್ಲ, ಬಿಳಿಯಿಲ್ಲ, ಕೆಂಪು ಮುಖವಿಲ್ಲ. ಬಾಲವೂ ಅಷ್ಟೇನೂ ಮೋಟಲ್ಲ. ಆದರೆ ರೆಕ್ಕೆ ಬಡಿಯುತ್ತಿಲ್ಲ. ಒಮ್ಮೆ ಈ ಕಡೆ ವಾಲಿತು, ಒಮ್ಮೆ ಆ ಕಡೆ. ಹೊಲದ ಈ ಅಂಚಿನಿಂದ ಆ ಅಂಚಿಗೆ ಹಾಗೆಯೇ ತೂಗಿಕೊಂಡು ಹೋಗಿ ತಿರುಗಿ ಬಂತು.

ಅವಳಿಗೆ ಗುರುತು ಸಿಕ್ಕಿತು. ಮರಿ ಚಾಪುಂಗು. ಬೆಳೆದು ಕಪ್ಪಾಗುವವರೆಗೆ ಅವು ಹೀಗೇ, ಮಣ್ಣಿನ ಬಣ್ಣ. ಬಾಲವೂ ಆಮೇಲೆಯೇ ಮೋಟಾಗುವುದು.

ವತೇತೆಯೂ ಒಮ್ಮೆ ಕತ್ತೆತ್ತಿದಳು. “ಇನ್ನೊಂದು ಕೋಳಿಕಳ್ಳ,” ಎಂದು ಮತ್ತೆ ತೆನೆಗೆ ಕೈಹಾಕಿದಳು.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಮುಚಾನೆಟಾ ಕೂತಳು, ಒಂದು ತೆನೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಹಕ್ಕಿ ನೆತ್ತಿಯ ಮೇಲೆಯೇ ಇತ್ತು. ಅಲ್ಲ ಅಂದರೆ ಅಲ್ಲ ಎಂದು ಇವಳು ನನ್ನ ಮಾತು ನಂಬಿ ಕೂತಿದ್ದಾಳಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ನಂಬದೆ ಇದ್ದಾಗ ಎಷ್ಟು ಹಗುರವಾಗಿತ್ತು!

“ವತೇತೆ, ಅದು ಚಾಪುಂಗು.”

“ಯಾವುದು? ಆ ಕಂದು ಮೂಳಾನಾ? ನನ್ನ ಕೋಳಿಮರಿ ನೆನಪು ಮಾಡಿ ಅಣಕಿಸ್ತೀಯಾ?”

“ಮರಿ ಅದು. ಹಾರೋದು ನೋಡು.”

ವತೇತೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಹಕ್ಕಿಯ ಜೊತೆಗೆ ಅವಳ ತಲೆಯೂ ಈ ಕಡೆ ಆ ಕಡೆ ವಾಲಿತು. ಕೈ ಇಳಿಸಿ ಮೆಲ್ಲಗೆ ಅಂದಳು: “ಹಾಗಾದ್ರೆ ಹೆಂಡ ಇಳಿಸ್ಬೇಕು.”

“ಇಳಿಸ್ಬೇಕು. ನನ್ನೊಬ್ಬಳ ಕೈಲಿ ಆಗಲ್ಲ,” ಎಂದಳು ಮುಚಾನೆಟಾ. ಆ ಮಾತು ಹೊರಗೆ ಬಂದಾಗ ಅದು ತನ್ನದೇ ದನಿಯೇ ಎಂದು ಅನುಮಾನವಾಯಿತು. “ಹೋದ ವರ್ಷದ ಮೇಲೆ ಬೆನ್ನು ಸರಿಹೋಗಿಲ್ಲ. ಬೆಳಿಗ್ಗೆ ಗೋಡೆ ಹಿಡಿದು ಏಳ್ತೀನಿ. ಹಕ್ಕಿನೂ ನಿಜ, ಇದೂ ನಿಜ. ನೀನು ನನ್ನ ಜೊತೆ ಒಲೆ ಮುಂದೆ ಕೂತ್ರೆ ಆಗತ್ತೆ, ಇಲ್ಲ ಅಂದ್ರೆ ಇಲ್ಲ.”

“ನಾನಾ? ಮನೆಮಗಳು? ನನ್ನ ಮಂಡಿ ನೋಡಿದೀಯಾ?”

“ನಿನ್ನ ಮಂಡಿ, ನನ್ನ ಬೆನ್ನು. ಬೇರೆ ಬೇರೆ ಕಡೆ ಕೆಟ್ಟಿವೆ ಪುಣ್ಯಕ್ಕೆ. ಸೇರಿಸಿದ್ರೆ ಒಬ್ಬ ಹೆಂಗಸಾಗ್ತೀವಿ.”

ವತೇತೆ ನಗಲಿಲ್ಲ. ಮುಂದಿದ್ದ ತೆನೆಗಳನ್ನೆಲ್ಲ ಬಿಡಿಸಿ ಮುಗಿಸಿದಳು. ಮನೆಯ ದಾರಿಯಲ್ಲಿ, ಮುಚಾನೆಟಾಳ ತಲೆಯ ಮೇಲಿನ ಬುಟ್ಟಿಯನ್ನು ತೆಗೆದು ತನ್ನ ತಲೆಗೆ ಇಟ್ಟುಕೊಳ್ಳುತ್ತ ಕೇಳಿದಳು: “ರಾಗಿ ನೆನೆಸೋದು ಯಾವ ಮಡಕೇಲಿ? ದೊಡ್ಡದ್ರಲ್ಲೋ, ಬಾಯಿ ಒಡೆದದ್ರಲ್ಲೋ?”

“ನಾಳೆ ಹೇಳ್ತೀನಿ. ಮೊದಲು ಸೌದೆ ತಾ, ಉಣ್ಣಬೇಕಲ್ಲ.”

ಸೌದೆ ಬಂತು. ಮುಚಾನೆಟಾ ಎಸರಿಟ್ಟಳು. ನೀರು ಕುದಿ ಬಂದಾಗ ಜೋಳದ ಹಿಟ್ಟು ಸುರಿದು, ಕೋಲು ಹಿಡಿದು, ಗಂಟಾಗದಂತೆ ಸಾಡ್ಜಾ ತಿರುವತೊಡಗಿದಳು.