ಲಾಗ್‌ನಲ್ಲಿ ಇಲ್ಲದ ಹನ್ನೊಂದು ಸೆಕೆಂಡು

ಆಫೀಸಿನಲ್ಲಿ ಅವಳು ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ತಕರಾರಮ್ಮ’. ಲಿಫ್ಟ್ ತಯಾರಿಸುವ ಆ ಕಂಪನಿಗೆ ಟೈಪಿಸ್ಟಾಗಿ ಸೇರಿ, ಊಟದ ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಇಪ್ಪತ್ತೆರಡು ವರ್ಷಗಳಲ್ಲಿ ಬಿಲ್ಡ್ ವಿಭಾಗದ ಹೊಣೆ ಹೊತ್ತವಳು. ಹತ್ತು ಜನ ಬರೆದ ಕೋಡನ್ನು ಒಟ್ಟುಗೂಡಿಸಿ, ಲಿಫ್ಟನ್ನು ಓಡಿಸುವ ಒಂದೇ ಪ್ರೋಗ್ರಾಂ ಆಗಿ ಕಟ್ಟಿಕೊಡುವುದು ಅವಳ ಕೆಲಸ. ಸರಿಯಿಲ್ಲದ್ದನ್ನು ಸರಿಯಿಲ್ಲ ಎನ್ನುವುದೂ ಆ ಕೆಲಸದಲ್ಲೇ ಸೇರಿದೆ ಎಂದು ಅವಳು ನಂಬಿದ್ದಳು. ಆ ಅಡ್ಡಹೆಸರು ಬಂದದ್ದು ಹಾಗೆ.

ಲಿಫ್ಟು ಕ್ಷಣಕ್ಷಣಕ್ಕೂ ಏನು ಮಾಡಿತೆಂದು ಬರೆದಿಡಲು, ಹೊರಗಿನವರು ಬರೆದ ಒಂದು ಲಾಗಿಂಗ್ ಲೈಬ್ರರಿಯನ್ನು, ಅಂದರೆ ಅದಕ್ಕೆಂದೇ ಇರುವ ಸಿದ್ಧ ಕೋಡನ್ನು, ಬಳಸುವುದೆಂದು ತೀರ್ಮಾನವಾಯಿತು. ಅದರ ಮೂಲ ಕೋಡನ್ನೇ ತರಿಸಿ, ನಮ್ಮ ಕಂಪೈಲರ್‌ನಲ್ಲಿ ನಮಗೆ ತಕ್ಕಂತೆ ಬಿಲ್ಡ್ ಮಾಡಿ, ಆಮೇಲೆ ನಮ್ಮ ಪ್ರೋಗ್ರಾಮಿಗೆ ಜೋಡಿಸಿ ಲಿಂಕ್ ಮಾಡೋಣ ಎಂದು ಅವಳು ಹೇಳಿದಳು. ಎರಡೇ ದಿನದ ಕೆಲಸ. ಮ್ಯಾನೇಜರು ಒಪ್ಪಲಿಲ್ಲ. ಬೇರೆ ಯಾವುದೋ ಪ್ರಾಜೆಕ್ಟಿಗಾಗಿ ಯಾರೋ ಬಿಲ್ಡ್ ಮಾಡಿಟ್ಟಿದ್ದ ಫೈಲನ್ನು ಕಳಿಸಿ, ಇದನ್ನೇ ಸೇರಿಸಿ ಮುಗಿಸಿಬಿಡಿ ಎಂದರು. ಆ ಫೈಲು ಲಾಗ್‌ನ ಸಾಲುಗಳನ್ನು ಮೊದಲು ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಂಡು ಪುರಸೊತ್ತಾದಾಗ ಡಿಸ್ಕಿಗೆ ಬರೆಯುತ್ತಿತ್ತು. ನಡುವೆ ಪ್ರೋಗ್ರಾಂ ಕೈಕೊಟ್ಟರೆ ಕೊನೆಯ ಸಾಲುಗಳು ಕೈತಪ್ಪಿದಂತೆಯೇ. ಇದನ್ನೂ ಅವಳು ಪತ್ರ ಬರೆದು ತಿಳಿಸಿದಳು. ಉತ್ತರ ಬರಲಿಲ್ಲ.

ಏಳು ತಿಂಗಳ ನಂತರ ಒಂದು ಆಸ್ಪತ್ರೆಯಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಸ್ಟ್ರೆಚರಿನ ಮೇಲೆ ರೋಗಿ, ಜೊತೆಗೊಬ್ಬ ನರ್ಸು. ಬಾಗಿಲು ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ರೋಗಿ ಬದುಕಿದ್ದು ಆ ನರ್ಸಿನ ಗಟ್ಟಿ ಗುಂಡಿಗೆಯಿಂದ. ಹಿಂದಿನ ದಿನವಷ್ಟೇ ಲಿಫ್ಟನ್ನು ಪರೀಕ್ಷಿಸಿ ಸಹಿ ಹಾಕಿದ್ದ ಹಿರಿಯ ಮೆಕ್ಯಾನಿಕರನ್ನು, ಬಾಗಿಲ ಸೆನ್ಸರನ್ನು ಸರಿಯಾಗಿ ನೋಡಿಲ್ಲವೆಂದು ಕಂಪನಿ ಅಮಾನತು ಮಾಡಿತು.

“ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಅಂದ್ಮೇಲೆ ಸಾಫ್ಟ್‌ವೇರ್ ಸರಿಯಾಗಿದೆ ಅಂತಾಯ್ತಲ್ಲ,” ಎಂದು ಮ್ಯಾನೇಜರು ಮೀಟಿಂಗಿನಲ್ಲಿ ಕೈ ತೊಳೆದುಕೊಂಡರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಲಾಗ್‌ನ ಕೊನೆಯ ಸಾಲಿಗೂ, ಲಿಫ್ಟು ನಿಂತದ್ದನ್ನು ಒಳಗಿನ ಕ್ಯಾಮೆರಾ ತೋರಿಸಿದ ಹೊತ್ತಿಗೂ ಹನ್ನೊಂದು ಸೆಕೆಂಡು ಅಂತರವಿತ್ತು. ಬರೆಯದೇ ಹೋದದ್ದನ್ನು ಇವರು ನಡೆಯದೇ ಇದ್ದದ್ದೆಂದು ಓದುತ್ತಿದ್ದರು. ಆ ಖಾಲಿ ಜಾಗವನ್ನು ಮುಂದಿಟ್ಟುಕೊಂಡು ಒಬ್ಬರ ಅನ್ನ ಕಿತ್ತುಕೊಂಡಿದ್ದರು.

ಶನಿವಾರ ಅವಳು ಮೆಕ್ಯಾನಿಕರ ಮನೆಗೆ ಹೋದಳು. ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯವರ ಫ್ಯಾನು ಬಿಚ್ಚುತ್ತಿದ್ದರು. ಸ್ವಲ್ಪ ಹೊತ್ತು ಆ ಮಾತು ಈ ಮಾತು ಆಡಿದ ಮೇಲೆ, ತಲೆ ಎತ್ತದೆಯೇ ಹೇಳಿದರು: “ಬಾಗಿಲ ಸೆನ್ಸರ್ ಎರಡೆರಡು ಸಲ ನೋಡಿದ್ದೆ ತಂಗಿ. ಈಗ ನೋಡು, ನನ್ನ ಕೈ ಮೇಲೆ ನನಗೇ ಅನುಮಾನ ಬರೋ ಹಾಗೆ ಮಾಡಿಬಿಟ್ರು.”

ಸೋಮವಾರ ಯಾರನ್ನೂ ಕೇಳದೆ ಅವಳು ಲೈಬ್ರರಿಯ ಮೂಲ ಕೋಡ್ ಇಳಿಸಿಕೊಂಡು ಕೂತಳು. ಎರರ್ ಬಂದ ತಕ್ಷಣ ಸಾಲನ್ನು ಡಿಸ್ಕಿಗೆ ಬರೆಯುವ ಹಾಗೆ ಮಾಡಿ ಬಿಲ್ಡ್ ಮಾಡಿದಳು. ಲಿಂಕ್ ಮಾಡಹೋದರೆ ಅರವತ್ತು ತಪ್ಪುಗಳು. ಹುಡುಕಿದರೆ, ಯಾವುದೋ ಫೋಲ್ಡರಿನ ಮೂಲೆಯಲ್ಲಿದ್ದ, ಮ್ಯಾನೇಜರು ಕಳಿಸಿದ್ದ ಆ ಹಳೆಯ ಫೈಲೇ ಮುಂದೆ ಬಂದು ಅಡ್ಡಗಾಲು ಹಾಕುತ್ತಿತ್ತು. ಅದನ್ನು ಎಲ್ಲ ಕಡೆಯಿಂದಲೂ ಕಿತ್ತೆಸೆದ ಮೇಲೆ ಲಿಂಕ್ ಆಯಿತು. ವರ್ಕ್‌ಶಾಪಿನ ಪರೀಕ್ಷೆಯ ಲಿಫ್ಟಿಗೆ ಹಾಕಿ, ಆಸ್ಪತ್ರೆಯ ಲಿಫ್ಟು ಅಂದು ಓಡಿದಂತೆಯೇ ಓಡಿಸಿದಳು. ಹತ್ತೊಂಬತ್ತನೆಯ ಸುತ್ತಿಗೆ ಲಿಫ್ಟು ನಿಂತಿತು. ಈ ಸಲ ಕೊನೆಯ ಕ್ಷಣದವರೆಗೂ ಬರಹವಿತ್ತು. ಸೆನ್ಸರ್ ಸರಿಯಾಗಿಯೇ ಇತ್ತು. ಎರಡು ಸಂದೇಶಗಳು ಒಟ್ಟಿಗೇ ಬಂದಾಗ ಕೆಟ್ಟು ನಿಂತದ್ದು ಕಂಪನಿಯ ಪ್ರೋಗ್ರಾಂ.

ಮ್ಯಾನೇಜರು ಅವಳು ಬರೆದುಕೊಟ್ಟ ವರದಿಯನ್ನು ಓದಿ, ಇದನ್ನು ‘ಸುಧಾರಣೆ’ ಎಂದು ಬರೆಯಿರಿ, ಹಳೆಯದನ್ನು ಕೆದಕುವುದು ಬೇಡ ಎಂದರು.

“ಹಳೇದಲ್ಲ ಸರ್. ಆ ಮನುಷ್ಯ ಇವತ್ತೂ ಮನೇಲಿ ತಲೆ ತಗ್ಗಿಸ್ಕೊಂಡು ಕೂತಿದ್ದಾರೆ. ನಿಮಗೆ ಎರಡು ದಿನ ಉಳೀತು, ತಪ್ಪನ್ನ ಅವರ ತಲೆಗೆ ಕಟ್ಟಿದ್ರಿ.”

ಅಂದೇ ಮಧ್ಯಾಹ್ನ ಅವಳು ವರದಿಯನ್ನೂ, ಏಳು ತಿಂಗಳ ಹಿಂದೆ ತಾನು ಬರೆದಿದ್ದ ಪತ್ರವನ್ನೂ ನಿರ್ದೇಶಕರಿಗೂ ಆಸ್ಪತ್ರೆಯ ಸುರಕ್ಷತಾ ಅಧಿಕಾರಿಗೂ ಕಳಿಸಿದಳು.

ವಾರದೊಳಗೆ ಎಲ್ಲ ಲಿಫ್ಟುಗಳ ಪ್ರೋಗ್ರಾಂ ಬದಲಾಯಿತು. ಮೆಕ್ಯಾನಿಕರಿಗೆ ಒಂದು ಸಾಲಿನ ಪತ್ರ ಹೋಯಿತು: ಅಮಾನತು ರದ್ದು, ಕೆಲಸಕ್ಕೆ ಬನ್ನಿ. ಕಾರಣವಿಲ್ಲ, ವಿಷಾದವಿಲ್ಲ. ಮ್ಯಾನೇಜರು ಬಡ್ತಿ ಪಡೆದು ಬೇರೆ ಶಾಖೆಗೆ ಹೋದರು. ಅಮಾನತು ರದ್ದಾದ ಕಾರಣವನ್ನು ಮೆಕ್ಯಾನಿಕರಿಗೆ ಬರೆದುಕೊಡಿ ಎಂದು ಅವಳು ನಿರ್ದೇಶಕರಿಗೆ ಬರೆದಳು. ಒಂದು ತಿಂಗಳು ಕಾದು ಮತ್ತೆ ಬರೆದಳು.

ಮೆಕ್ಯಾನಿಕರು ಕೆಲಸಕ್ಕೆ ಬಂದಾಯಿತಲ್ಲ, ಇನ್ನೂ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದು ಗಂಡ ಕೇಳಿದ.

“ಕೆಲಸ ವಾಪಸ್ ಕೊಟ್ರು. ತಪ್ಪು ನಮ್ದು ಅಂತ ಇನ್ನೂ ಬಾಯಿ ಬಿಟ್ಟಿಲ್ಲ,” ಎಂದವಳು ಮೂರನೆಯ ಪತ್ರಕ್ಕೆ ಕೂತಳು.