ಮಹಾಂತಯ್ಯನವರ ಎಂಟು ಹಾಳೆಯ ಪ್ರವಾಸ

ನನ್ನ ಗಂಡ ಮಹಾಂತಯ್ಯನವರು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಲಾರಿಗಳನ್ನು ಹೊರಡಿಸುವ ಕೆಲಸದಲ್ಲಿದ್ದಾರೆ. ಲಾರಿ ಮುಟ್ಟುವ ವೇಳೆಗೆ ಎರಡು ತಾಸು ಕೂಡಿಸಿ ಬರೆಯುವುದು ಅವರ ಪದ್ಧತಿ. ಟಾಯರ್ ಒಡೆದರೆ, ಡ್ರೈವರ್ ನಿದ್ದೆ ಹೋದರೆ, ಘಾಟಿನಲ್ಲಿ ದಾರಿ ಕಟ್ಟಿದರೆ ಎಂದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಮನುಷ್ಯನ ತಲೆಯೇ ಹಾಗಾಗಿ ಹೋಗಿದೆ. ಮದುವೆಯ ಊಟಕ್ಕೆ ಎರಡು ತಾಸು ಮೊದಲೇ ಹೋಗಿ, ಪಾತ್ರೆ ಇಳಿಸುವವರ ನಡುವೆ ಕುಳಿತು ಬಂದವರು ನಾವು. ನನಗೆ ಸಿಟ್ಟು ಬರದೆ ಇನ್ನೇನಾದೀತು?

ನಾನು ಹುಬ್ಬಳ್ಳಿಯ ಮಿಶನ್ ಶಾಲೆಯೊಂದರಲ್ಲಿ ಟೀಚರ್. ಮಗಳು ಋತುಜಾ ಅಲ್ಲೇ ಎಂಟನೇ ಇಯತ್ತೆ. ಕ್ರಿಸ್‌ಮಸ್ಸಿಗೆ ಹತ್ತು ದಿನ ಸೂಟಿ. ಈ ಸಲ ಎಲ್ಲಾದರೂ ಹೋಗೋಣ ಎಂದವಳು ನಾನು. ಬೀದರಿಗೆ ಹೋಗೋಣ ಎಂದವರು ಅತ್ತೆ ಗುಡ್ಡವ್ವ. ಅಲ್ಲಿ ಅವರ ತಂಗಿ ಇದ್ದಾರೆ, ಮೊಣಕಾಲು ಹೋಗಿ ಹಾಸಿಗೆ ಹಿಡಿದಿದ್ದಾರೆ. ಅಕ್ಕತಂಗಿ ಮುಖ ನೋಡಿಕೊಂಡು ಒಂಬತ್ತು ವರ್ಷವಾಗಿತ್ತು.

ಒಂಬತ್ತು ವರ್ಷ ಯಾಕೆ ಹೋಗಲಿಲ್ಲವೆಂದರೆ ಕಾರಣ ಲಿಂಗಪೂಜೆ. ಅತ್ತೆ ಬೆಳಿಗ್ಗೆ ಜಳಕ ಮಾಡಿ, ಲಿಂಗಪೂಜೆ ಮುಗಿಸದೆ ಒಂದು ಗುಟುಕು ಚಹಾ ಸಹ ಕುಡಿಯುವವರಲ್ಲ. ಅದರ ಮೇಲೆ ಸಕ್ಕರೆ ಕಾಯಿಲೆ, ರಾತ್ರಿ ಇನ್ಸುಲಿನ್. ಬೆಳಿಗ್ಗೆ ಎಂಟರೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಎರಡು ವರ್ಷದ ಹಿಂದೆ ಒಂದು ದಿನ ನಮ್ಮ ಮೋಟರ್ ಕೆಟ್ಟು ನೀರಿಲ್ಲ, ನೀರಿಲ್ಲದ್ದಕ್ಕೆ ಜಳಕವಿಲ್ಲ, ಜಳಕವಿಲ್ಲದ್ದಕ್ಕೆ ಪೂಜೆಯಿಲ್ಲ. ಹತ್ತೂವರೆಗೆ ಹೊಸ್ತಿಲ ಮೇಲೆ ಬಿದ್ದುಬಿಟ್ಟರು. ದವಾಖಾನೆಗೆ ಎತ್ತಿಕೊಂಡು ಹೋದವರು ನಮ್ಮ ಮನೆಯವರೇ. ಅಂದಿನಿಂದ ಎಂಟು ಗಂಟೆ ಎಂದರೆ ಇವರ ಎದೆ ಬಡಿದುಕೊಳ್ಳುತ್ತದೆ.

ಅಂಥವರು ಪ್ರವಾಸದ ಯೋಜನೆಗೆ ಕುಳಿತರೆ ಕೇಳಬೇಕೇ? ಎಂಟು ಹಾಳೆ ತುಂಬಿದವು. ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ರಾತ್ರಿ ರೈಲು, ಯಾಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಅತ್ತೆಗೆ ಆಗದು. ಅಲ್ಲಿಂದ ಹಗಲು ಬಸ್ಸಿನಲ್ಲಿ ಕಲಬುರಗಿ, ಮರುದಿನ ಬೀದರ, ಬರುವಾಗ ವಿಜಯಪುರ. ಪ್ರತಿ ಊರಿನ ಮುಂದೆ ಜಳಕ ಎಲ್ಲಿ, ಪೂಜೆ ಎಷ್ಟಕ್ಕೆ, ನಾಷ್ಟಾ ಎಷ್ಟಕ್ಕೆ. ಸೊಲ್ಲಾಪುರದ ಸ್ಟೇಶನ್ ಎದುರಿಗೆ ಎರಡು ತಾಸಿಗೆಂದೇ ಒಂದು ಲಾಡ್ಜ್ ಕೋಣೆ.

"ಬಿಸಿನೀರು ಖರೇನ ಬರ್ತಾವೇನ್ರಿ?" ಎಂದು ಆ ಲಾಡ್ಜಿಗೆ ನಾಲ್ಕು ಸಲ ಫೋನ್ ಮಾಡಿದರು.

"ಅವರು ಬ್ಯಾಸತ್ತು ಕೋಣಿನ ಕ್ಯಾನ್ಸಲ್ ಮಾಡ್ತಾರ ನೋಡ್ರಿ," ಎಂದೆ.

ನಾಲ್ಕು ಟಿಕೆಟ್ ಆಯಿತು. ಆದರೆ ಇವರ ಚಿಂತೆ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಎದ್ದು ಆ ರೈಲು ಸೊಲ್ಲಾಪುರಕ್ಕೆ ಎಷ್ಟಕ್ಕೆ ಮುಟ್ಟಿತೆಂದು ಮೊಬೈಲಿನಲ್ಲಿ ನೋಡಿ ಬರೆದಿಡತೊಡಗಿದರು. ಆರಕ್ಕೆ ಮುಟ್ಟಬೇಕಾದ ಗಾಡಿ ಒಂದು ದಿನ ಏಳಕ್ಕೆ, ಒಂದು ದಿನ ಒಂಬತ್ತಕ್ಕೆ, ಮಂಜು ಬಿದ್ದ ದಿನ ಒಂಬತ್ತೂವರೆಗೆ. ಊಟದ ತಟ್ಟೆಯ ಮುಂದೆ ಕುಳಿತು ಸುಮ್ಮನೆ ಗೋಡೆ ನೋಡುವರು. ಏನಾಯಿತೆಂದು ಕೇಳಿದರೆ, "ಏನಿಲ್ಲ ತಗೋ," ಎನ್ನುವರು.

ಹೊರಡಲು ಒಂದು ವಾರವಿತ್ತು. ಬೆಳಿಗ್ಗೆ ಅತ್ತೆಯ ಕೋಣೆಯಿಂದ ಗಡಗಡ ಸದ್ದು ಕೇಳಿ ಓಡಿದೆ. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕುಳಿತಿದ್ದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಪುಟ್ಟ ತಂಬಿಗೆ. ಋತುಜಾ ಮಂಚದ ಕಾಲು ಹಿಡಿದು ಬಲವಾಗಿ ಅಲುಗಾಡಿಸುತ್ತಿದ್ದಳು.

"ಏನ್ ನಡಿಸೀರಿ ಇಬ್ಬರೂ?" ಎಂದೆ.

"ಅಜ್ಜಿಗೆ ರೈಲಿನಾಗ ಪೂಜಾ ಮಾಡೂದು ಕಲಸಾಕತ್ತೇನಿ," ಎಂದಳು ಮಗಳು. "ಇವತ್ತ ಹನ್ನೆರಡನೇ ದಿನ. ಮೊದಲ ನೀರೆಲ್ಲಾ ಚಲ್ಲತಿದ್ರು, ಈಗ ಒಂದ ಹನಿ ಚಲ್ಲೂದಿಲ್ಲ."

ಅತ್ತೆ ನಾಚಿಕೊಂಡರು. "ಒದ್ದಿ ಅರಿವಿಲೆ ಮೈ ಒರಸಿಕೊಂಡ್ರ ಅದ ಜಳಕ ಅಂತ ತಿಳಕೊಂಡೇನವಾ. ಗಾಡಿ ತಡಾ ಆಗಲಿ, ಬಿಡಲಿ, ಏಳಕ್ಕ ಪೂಜಾ ಮುಗಸಿ ರೊಟ್ಟಿ ತಿಂತೇನಿ. ನನ್ನ ತಂಗೀನ ನೋಡಬೇಕು ನಾನು."

ಮೂವತ್ತು ವರ್ಷ ಬಕೆಟ್ಟುಗಟ್ಟಲೆ ನೀರಿಲ್ಲದೆ ಜಳಕವೇ ಅಲ್ಲವೆಂದವರು ಅತ್ತೆ. ನನಗೆ ಕಣ್ಣಲ್ಲಿ ನೀರು ಬಂತು. ಸಂಜೆ ಇವರು ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವುದರೊಳಗೇ ನಗುತ್ತ ಎಲ್ಲವನ್ನೂ ಹೇಳಿದೆ. ಇವರು ನಗಲಿಲ್ಲ.

"ಅವ್ವನ ಟಿಕೆಟ್ ನಿನ್ನೆ ಕ್ಯಾನ್ಸಲ್ ಮಾಡಿಸೇನಿ ರಜನಿ," ಎಂದರು. "ಗಾಡಿ ಮೂರು ತಾಸು ತಡಾ ಆದ್ರ ಏನ್ ಮಾಡೂದು? ನನಗ ಧೈರ್ಯ ಆಗಲಿಲ್ಲ. ಅಕೀನ್ನ ನಮ್ಮ ಸೋದರಮಾವನ ಮನ್ಯಾಗ ಬಿಟ್ಟು ಹೋಗೂಣು ಅಂತಿದ್ದೆ."

"ಅತ್ತೀಗೆ ಒಂದು ಮಾತು ಕೇಳಿದ್ರೇನು? ಅವರೇನು ನಿಮ್ಮ ಲಾರ್ಯಾಗಿನ ಮಾಲೇನ್ರಿ?" ಎಂದೆ. ಹಾಗೆ ಅನ್ನಬಾರದಿತ್ತು. ಆದರೆ ಅಂದೆ.

ಹೊಸ ಟಿಕೆಟ್ ನೋಡಿದರೆ ವೇಟಿಂಗ್ ನೂರಾ ಹದಿನೆಂಟು. ಇವರು ನಾಲ್ಕು ದಿನ ಬೆಂಕಿಯ ಮೇಲೆ ಕುಳಿತವರಂತೆ ಒದ್ದಾಡಿದರು. ಕೊನೆಗೆ ಕಾರ್ಖಾನೆಯ ಹಳೆಯ ಡ್ರೈವರ್ ಬಾಬುಸಾಬ ದಾರಿ ಹೇಳಿದ. ಗಾಡಿ ಹೊರಡುವ ಒಂದು ದಿನ ಮೊದಲು ಸ್ಟೇಶನ್ನಿಗೆ ಹೋಗಿ ಅರ್ಜಿ ಕೊಟ್ಟರೆ, ಒಬ್ಬರ ಟಿಕೆಟನ್ನು ಅದೇ ಮನೆಯವರ ಹೆಸರಿಗೆ ಮಾಡಿಕೊಡುತ್ತಾರೆ. "ನಿಮ್ಮದು ಅಮ್ಮಾಗ ಕೊಡ್ರಿ ಸಾಹೇಬ್ರ. ನೀವು ಬಸ್ಸಿಗೆ ಹೋಗ್ರಿ, ಗಾಡಿಕಿಂತಾ ಮೊದಲ ಮುಟ್ಟತೀರಿ," ಎಂದನಂತೆ.

ಹಾಗೇ ಆಯಿತು. ತಾಯಿಯ ಮುಂದೆ ಕುಳಿತು ಇವರು ತಪ್ಪು ಒಪ್ಪಿಕೊಂಡರು. "ನನ್ನ ಕೇಳಬೇಕಿತ್ತಪಾ," ಎಂದಷ್ಟೇ ಹೇಳಿ ಅತ್ತೆ ಎದ್ದು ಹೋದರು.

ಹೊರಡುವ ದಿನ ನಮ್ಮನ್ನು ಗಾಡಿ ಹತ್ತಿಸಿ ಇವರು ಬಸ್ಸಿಗೆ ಓಡಿದರು. ಅಲ್ಲಿಂದ ಅರ್ಧ ತಾಸಿಗೊಮ್ಮೆ ಫೋನು. ಬೆಳಗಾಗುವ ಹೊತ್ತಿಗೆ ಫೋನು ನಿಂತಿತು. ನಾನು ಮಾಡಿದರೆ ಸ್ವಿಚ್ ಆಫ್. ಹೊರಗೆ ಮಂಜು, ಗಾಡಿ ಯಾವುದೋ ಸಣ್ಣ ಸ್ಟೇಶನ್ನಿನಲ್ಲಿ ನಿಂತೇ ಇತ್ತು. ಬಸ್ಸಿಗೆ ಏನಾದರೂ ಆಯಿತೋ ಏನೋ ಎಂದು ಮತ್ತೆ ಮತ್ತೆ ಫೋನ್ ಒತ್ತಿದೆ.

ಅತ್ತೆ ಮಾತ್ರ ಆರೂವರೆಗೆ ಎದ್ದು, ಒದ್ದೆ ಅರಿವೆಯಿಂದ ಮೈ ಒರೆಸಿಕೊಂಡು, ಸೀಟಿನ ಮೇಲೆ ಪೂಜೆಗೆ ಕುಳಿತರು. ಎದುರಿಗಿದ್ದ ಮರಾಠಿ ಹೆಣ್ಣುಮಗಳು ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟಳು. ಪೂಜೆ ಮುಗಿದ ಮೇಲೆ ರೊಟ್ಟಿ ಕೈಯಲ್ಲಿ ಹಿಡಿದರು, ತುತ್ತು ಬಾಯಿಗೆ ಹೋಗಲೊಲ್ಲದು.

"ಫೋನ್ ಹತ್ತಿತೇನ?" ಎಂದರು.

"ಇಲ್ರಿ."

ನನಗೆ ಹೆದರಿಕೆಯಾಯಿತು. ಏಳೂ ಮುಕ್ಕಾಲು ಆಗಿತ್ತು. ಅತ್ತೆಯ ಹಣೆಯ ಮೇಲೆ ಸಣ್ಣಗೆ ಬೆವರು ಕಾಣುತ್ತಿತ್ತು. ಉಣ್ಣಿರಿ ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ನಾ ತಿನ್ನಲಿಲ್ಲಂದ್ರ ಅಂವಾ ಬದುಕೂದಿಲ್ಲ," ಎಂದು ರೊಟ್ಟಿ ಮುರಿದರು. ಅಳುತ್ತಲೇ ಒಂದೂವರೆ ರೊಟ್ಟಿ ತಿಂದರು.

ಒಂಬತ್ತೂ ಇಪ್ಪತ್ತಕ್ಕೆ ಸೊಲ್ಲಾಪುರ ಬಂತು. ಇವರು ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಡಬ್ಬಿ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಬಸ್ಸು ಐದಕ್ಕೇ ಮುಟ್ಟಿತ್ತಂತೆ. ರಾತ್ರಿಯೆಲ್ಲ ನಮ್ಮ ಗಾಡಿ ಎಲ್ಲಿದೆಯೆಂದು ನೋಡಿ ನೋಡಿ ಮೊಬೈಲಿನ ಚಾರ್ಜು ಮುಗಿದಿತ್ತು. ಪರ ಊರಿನಲ್ಲಿ ಚಾರ್ಜಿಗೆಂದು ಆಚೆ ಹೋದಾಗಲೇ ಗಾಡಿ ಬಂದುಬಿಟ್ಟರೆ ಎಂದು ನಾಲ್ಕು ತಾಸು ನಿಂತಲ್ಲಿಂದ ಕದಲಿರಲಿಲ್ಲ. ತುಟಿಗಳು ಒಣಗಿ ಬಿಳಿಯಾಗಿದ್ದವು. ನನ್ನನ್ನಾಗಲಿ ಮಗಳನ್ನಾಗಲಿ ನೋಡಲಿಲ್ಲ.

"ಅವ್ವಾ, ಉಂಡೀಯೇನು?" ಎಂದರು.

"ಎಂಟರೊಳಗ ಉಂಡೇನಿ. ನೀ?"

ಇವರು ಬ್ಯಾಗು ಎತ್ತಲು ಬಾಗಿದರು, ಅದು ಕೈಯಿಂದ ಜಾರಿತು. ಅತ್ತೆ ಇವರ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂಡಿಸಿದರು. ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ಕೈಗೆ ಕೊಟ್ಟರು.

"ಲಾಡ್ಜಿನವ ಕಾಯಾಕತ್ತಾನವ್ವಾ, ತಡಾ ಆಗೇತಿ," ಎಂದರು ಇವರು.

"ಕಾಯಲಿ," ಎಂದರು ಅತ್ತೆ. "ನಿನಗ ನನ್ನ ಜೀವದ ಅಂಜಿಕಿ ಭಾಳ ಐತಿ, ಗೊತ್ತೈತಿ ನನಗ. ನನಗೂ ನಿನ್ನ ಜೀವದ ಅಂಜಿಕಿ ಇರ್ತೈತೋ ತಮ್ಮಾ. ಅದನ್ನ ಎಂದಾದ್ರೂ ಕೇಳೀಯೇನು?"

ಇವರು ರೊಟ್ಟಿ ಹಿಡಿದುಕೊಂಡು ಅಲ್ಲೇ, ಅಷ್ಟು ಜನರ ನಡುವೆ, ಅತ್ತುಬಿಟ್ಟರು. ಅತ್ತೆ ಪಕ್ಕದಲ್ಲಿ ಕುಳಿತು, ಮಗ ಎರಡನೇ ರೊಟ್ಟಿ ಮುಗಿಸುವವರೆಗೂ ಏಳಲಿಲ್ಲ.